ಯಂತ್ರ ಬರುತ್ತದೆ, ವಿದ್ಯೆ ಬರುತ್ತದೆಯೆ?

(ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ತಂತ್ರಜ್ಞಾನ ಮತ್ತು ಸಮಾಜ ಎಂಬ ವಿಷಯವನ್ನು ತಾವು ನನಗೆ ವಹಿಸಿದ್ದೀರಿ. ಕೇಂದ್ರ ಸರ್ಕಾರದ ಸೇವೆಯಲ್ಲಿ ನಾನು ಕೆಲವು ವರ್ಷ ಕಳೆದಿರುವ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಿಗೆ ಅದನ್ನು ಸೀಮಿತಗೊಳಿಸಿಕೊಳ್ಳುತ್ತೇನೆ.

ನಾಸಿಕದ ಬಳಿಯ ಓಝರ್‌ನಲ್ಲಿ ಎಚ್.ಎ.ಎಲ್. ಕಾರ್ಖಾನೆ 1964ರಲ್ಲಿ ಸ್ಥಾಪನೆಯಾದದ್ದು ಸೋವಿಯತ್ ಒಕ್ಕೂಟದ ಮಿಗ್-21 ವಿಮಾನವನ್ನು ಪರವಾನಗಿಯಡಿ ತಯಾರಿಸಲು. ಅದರ ಮಾತೃಸಂಸ್ಥೆಯನ್ನು 1940ರಲ್ಲಿ ಬೆಂಗಳೂರಿನಲ್ಲಿ, ಮೈಸೂರು ಸಂಸ್ಥಾನದ ನೆರವಿನೊಡನೆ ಆರಂಭಿಸಿದವರು ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ್ ಹೀರಾಚಂದ್. ಗಡಿವಾದದಲ್ಲಿ ಮುಳುಗಿದವರು ಈ ಕೊಡುಕೊಳೆಯನ್ನು ಮರೆಯುತ್ತಾರೆ.

ಪರವಾನಗಿ ಎಂದರೇನು? ನಕ್ಷೆ ಅವರದು, ಕೈ ನಮ್ಮದು. ಹೀಗೆ ಮಾಡು ಎಂದು ನಕ್ಷೆ ಹೇಳುತ್ತದೆ; ಹೀಗೇ ಏಕೆ ಎಂಬುದನ್ನು ಹೇಳುವುದಿಲ್ಲ. ಮಿಗ್-21 ನಮ್ಮ ವಾಯುಸೇನೆಯಿಂದ 2025ರ ಸೆಪ್ಟೆಂಬರಿನಲ್ಲಿ ನಿವೃತ್ತವಾಯಿತು. ಮರುತಿಂಗಳೇ, ಅಕ್ಟೋಬರ್ 17ರಂದು, ನಾಸಿಕದಲ್ಲಿ ತಯಾರಾದ ಮೊದಲ ತೇಜಸ್ ಮಾರ್ಕ್-1ಎ ಹಾರಿತು. ಈ ಬಾರಿ ನಕ್ಷೆಯೂ ನಮ್ಮದೇ, ಬೆಂಗಳೂರಿನದು. ಎಂಜಿನ್ ಮಾತ್ರ ಅಮೆರಿಕದ ಜಿ.ಇ. ಸಂಸ್ಥೆಯದು. 2021ರಲ್ಲಿ 99 ಎಂಜಿನ್‌ಗಳಿಗೆ ಕರಾರಾಯಿತು; ಪೂರೈಕೆ ತಡವಾಯಿತು; ವಿಮಾನದ ಒಡಲು ಸಿದ್ಧವಿದ್ದರೂ ಕಾಯಬೇಕಾಯಿತು. ನಮ್ಮದೇ ‘ಕಾವೇರಿ’ ಎಂಜಿನ್ ಯೋಜನೆ 1989ರಲ್ಲಿ ಆರಂಭವಾಗಿ 2008ರಲ್ಲಿ ತೇಜಸ್‌ನಿಂದ ಬೇರ್ಪಟ್ಟಿತು. ಸಿರಿವಂತ ದೇಶಗಳು ಎಂಜಿನ್ ಮಾರುತ್ತವೆ. ಅದರ ಉರಿಯನ್ನು ತಾಳುವ ಲೋಹದ ವಿದ್ಯೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದಕ್ಕಾಗಿ ಅವರನ್ನು ಜರೆದು ಫಲವಿಲ್ಲ.

ಇನ್ನು ಸಂಭಾಜಿನಗರ. ಅಲ್ಲಿನ ಇಂಡೋ-ಜರ್ಮನ್ ಟೂಲ್ ರೂಮ್ ಅಚ್ಚು, ಡೈಗಳನ್ನು ತಯಾರಿಸುವುದನ್ನು ಕಲಿಸುತ್ತದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ನಮ್ಮಲ್ಲಿ ಅನೇಕರಿಗೆ ಪರಿಚಿತ. ಕೊಟ್ಟ ಯಂತ್ರಕ್ಕಿಂತ ಕೊಟ್ಟ ತರಬೇತಿ ಮೇಲು ಎಂಬುದಕ್ಕೆ ಇವೆರಡೂ ನಿದರ್ಶನ. ಆದರೆ ಒಂದು ಅಂತರವಿದೆ. ಜರ್ಮನಿಯ ಹುಡುಗ ಈ ಕಸುಬನ್ನು ಜರ್ಮನ್‌ನಲ್ಲಿ, ಡೆನ್ಮಾರ್ಕಿನವನು ಡ್ಯಾನಿಷ್‌ನಲ್ಲಿ ಕಲಿಯುತ್ತಾನೆ. ಬೀದರಿನ ಅಥವಾ ಜಾಲನಾದ ಹುಡುಗ ಮೊದಲು ಇಂಗ್ಲಿಷಿನೊಡನೆ ಗುದ್ದಾಡಿ, ಉಳಿದ ಶಕ್ತಿಯಲ್ಲಿ ಲೋಹದೊಡನೆ ಗುದ್ದಾಡುತ್ತಾನೆ.

2021ರಲ್ಲಿ ಎ.ಐ.ಸಿ.ಟಿ.ಇ. ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ಕರ್ನಾಟಕದಲ್ಲಿ ಕನ್ನಡದ ತರಗತಿಗಳಿಗೆ ವಿದ್ಯಾರ್ಥಿಗಳು ದೊರೆಯುವುದೇ ಕಷ್ಟವಾಯಿತು. ಇದನ್ನು ಅಭಿಮಾನಶೂನ್ಯತೆ ಎನ್ನುವುದು ವೇದಿಕೆಯ ಮೇಲೆ ಸುಲಭ. ತಂದೆತಾಯಿಗಳ ಲೆಕ್ಕ ಸರಿಯಾಗಿಯೇ ಇದೆ: ಸಂದರ್ಶನ ಇಂಗ್ಲಿಷಿನಲ್ಲಿ, ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿ. ಉದ್ಯೋಗ ಕೊಡುವವರು ಬದಲಾಗದೆ ಪಠ್ಯ ಮಾತ್ರ ಬದಲಾದರೆ ಬಡವರ ಮಕ್ಕಳೇ ಪ್ರಯೋಗದ ಪಶುಗಳಾಗುತ್ತಾರೆ.

ಹಾಗೆಂದು ಯಂತ್ರವೇ ಬೇಡವೆನ್ನುವ ಹಿರಿಯರ ಮಾತನ್ನೂ ನಾನು ಒಪ್ಪಲಾರೆ. 1950ರಲ್ಲಿ ಇದೇ ಸಂಭಾಜಿನಗರದಲ್ಲಿ ಮಿಲಿಂದ ಕಾಲೇಜನ್ನು ಸ್ಥಾಪಿಸಿದ ಅಂಬೇಡ್ಕರರು, ಯಂತ್ರವಿಲ್ಲದೆ ಬಡವನಿಗೆ ಬಿಡುವಿಲ್ಲ, ಬಿಡುವಿಲ್ಲದೆ ಸಂಸ್ಕೃತಿಯಿಲ್ಲ ಎಂಬ ನಿಲುವಿನವರಾಗಿದ್ದರು. ಹೊರೆ ಹೊತ್ತವರ ಪಕ್ಷದಿಂದ ಬಂದ ಮಾತದು.

ಸಂಘಕ್ಕೆ ನನ್ನ ಕೋರಿಕೆ ಒಂದೇ. ನಮ್ಮ ಸದಸ್ಯರಲ್ಲಿ ಲೇತ್, ಬೆಸುಗೆ, ಅಚ್ಚುಗಳ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರಿದ್ದಾರೆ. ನಕ್ಷೆ ಹೇಳದ ‘ಏಕೆ’ ಅವರ ಕೈಗೆ ಗೊತ್ತು. ನಾಟಕ, ನಾಡಹಬ್ಬಗಳ ನಡುವೆ ತಿಂಗಳಿಗೊಂದು ಭಾನುವಾರ ಅವರನ್ನು ಕರೆಸಿ, ಕನ್ನಡದಲ್ಲಿ ಹೇಳಿಸಿ, ಬರೆದಿಡಿಸಬೇಕು. ಬರೆದುಕೊಳ್ಳುವ ಕೆಲಸಕ್ಕೆ ನನ್ನ ಹೆಸರನ್ನು ಮೊದಲು ಸೇರಿಸಿಕೊಳ್ಳಿ.