ಚಂದ್ರನಿಗೆ ಕಟ್ಟಿದ ದಾರ



ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರ ಬಾಯಿಂದಲೂ ಮಾದಪ್ಪನ ಮಹಿಮೆಯನ್ನು ದೇವರಗುಡ್ಡರ ಬಾಯಿಂದಲೂ ಕೇಳಿ ಬೆಳೆದ ಈ ಸೀಮೆಯ ಶ್ರೋತೃಗಳ ಮುಂದೆ, ಮರದ ಎರಡು ಗುಂಡುಗಳನ್ನೂ ಒಂದು ಮಾರಿಗೂ ಸಾಲದ ದಾರವನ್ನೂ ಜೇಬಿನಿಂದ ತೆಗೆದು, ಇದೇ ಈ ಸಂಜೆಯ ಉಪನ್ಯಾಸದ ವಿಷಯವೆಂದು ಹೇಳುವುದಕ್ಕೆ ಕೊಂಚ ಧಾರ್ಷ್ಟ್ಯವೇ ಬೇಕು. ಮಕ್ಕಳಿಗೆ ಆಕಾಶವನ್ನು ಪರಿಚಯ ಮಾಡಿಕೊಡತಕ್ಕ ಒಂದು ಸರಳವಾದ ಆಟಿಕೆ ಹೇಗಿರಬೇಕೆಂಬುದು ನನಗೆ ಬಹುಕಾಲದಿಂದ ಹತ್ತಿಕೊಂಡಿರುವ ಹುಚ್ಚು. ಆ ಹುಚ್ಚಿನ ಸಲುವಾಗಿ ಮಿತ್ರರೊಡನೆ ನಡೆದ ಜಗಳವೂ ಇನ್ನೂ ಮುಗಿದಿಲ್ಲ. ಮುಗಿಯದ ಜಗಳವನ್ನು ಸಭೆಗೆ ತರುವುದು ಶಿಷ್ಟಾಚಾರವಲ್ಲವೆಂದು ಬಲ್ಲೆನಾದರೂ, ಈ ಹಂಗಳ ಊರಿನವರು ಪಂಚಾಯಿತಿ ಮಾಡುವುದರಲ್ಲಿ ಹಿಂದೆ ಬಿದ್ದವರಲ್ಲವೆಂಬ ಧೈರ್ಯದಿಂದ ತಂದಿದ್ದೇನೆ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದ ಮೇಲೆ ಮಕ್ಕಳ ಅಂಗಡಿಗಳಲ್ಲಿ ರಾಕೆಟ್ಟುಗಳಿಗೆ ಬರವಿಲ್ಲದಂತಾಯಿತು. ತಂತಿಗೆ ಪೋಣಿಸಿದ ಗ್ರಹಮಾಲೆಗಳಂತೂ ಮೊದಲಿನಿಂದಲೂ ಇದ್ದವು: ನಡುವೆ ಹಳದಿ ಬಣ್ಣದ ಸೂರ್ಯ, ಅವನ ಪಕ್ಕದಲ್ಲಿಯೇ ಬುಧ, ಬುಧನ ಮಗ್ಗುಲಲ್ಲಿ ಶುಕ್ರ, ಹೀಗೆ ಮದುವೆಯ ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿದಂತೆ ಶನಿಯವರೆಗೂ, ಅದರಾಚೆಗೂ. ಇವುಗಳ ಮೇಲೆ ನನ್ನ ಆಕ್ಷೇಪ ಗಾತ್ರದ್ದಲ್ಲ. ಗುರುವಿನ ವ್ಯಾಸ ಭೂಮಿಯದಕ್ಕಿಂತ 11 ಪಟ್ಟು, ಸೂರ್ಯನದು 109 ಪಟ್ಟು. ಇದನ್ನು ಮರದಲ್ಲಿ ಯಾರೂ ಕಡೆಯಲಾರರು, ಕಡೆಯಿರೆಂದು ಕೇಳುವುದೂ ಅನ್ಯಾಯ. ನನ್ನ ಆಕ್ಷೇಪವಿರುವುದು ದೂರದ ವಿಷಯದಲ್ಲಿ. ಆಕಾಶದಲ್ಲಿ ಇರುವ ವಸ್ತುಗಳಿಗಿಂತ ಅವುಗಳ ನಡುವಣ ಅವಕಾಶವೇ ಅಪಾರವೆಂಬ ಮೂಲ ಸಂಗತಿಯನ್ನೇ ಮರೆಮಾಡಿ ಆಕಾಶವನ್ನು ಕಲಿಸುತ್ತೇವೆನ್ನುವ ಆಟಿಕೆ, ನೀರಿಲ್ಲದ ಕಡೆ ಈಜು ಕಲಿಸುತ್ತೇನೆನ್ನುವ ಗುರುವಿಗೆ ಸಮಾನ. ಕಾರಂತರ ‘ಬಾಲ ಪ್ರಪಂಚ’ವನ್ನು ಓದಿದ ಮನೆಗಳು ನಮ್ಮಲ್ಲಿ ಇದ್ದವು; ಮೈಸೂರಿನಲ್ಲಿ ಜಿ. ಟಿ. ನಾರಾಯಣರಾಯರು ಬದುಕಿರುವವರೆಗೂ ಎಳೆಯರನ್ನು ನಕ್ಷತ್ರಗಳತ್ತ ತಿರುಗಿಸುತ್ತಲೇ ಇದ್ದರು. ಕನ್ನಡದ ಮಗುವಿಗೆ ಆಕಾಶದ ಪುಸ್ತಕ ದೊರೆಯಿತು, ಕೈಗೆ ಹಿಡಿಯುವ ವಸ್ತು ಮಾತ್ರ ದೊರೆಯಲಿಲ್ಲವೆಂದು ನನಗೆ ತೋರುತ್ತದೆ.

ಆದುದರಿಂದ ನಾನು ಗ್ರಹಗಳನ್ನೆಲ್ಲ ಬಿಟ್ಟುಬಿಟ್ಟೆ. ಭೂಮಿ ಮತ್ತು ಚಂದ್ರ, ಇಬ್ಬರೇ ಸಾಕು. ಭೂಮಿಯ ವ್ಯಾಸ 12,742 ಕಿಲೋಮೀಟರು, ಚಂದ್ರನದು 3,474, ಇಬ್ಬರ ನಡುವಣ ಸರಾಸರಿ ದೂರ 3,84,400. ಭೂಮಿಯನ್ನು 4 ಸೆಂಟಿಮೀಟರಿನ ಗುಂಡಾಗಿ ಕಡೆದರೆ, ಚಂದ್ರ 1.1 ಸೆಂಟಿಮೀಟರು ಆಗತಕ್ಕದ್ದು. ದಾರದ ಉದ್ದ 1 ಮೀಟರು 20 ಸೆಂಟಿಮೀಟರು. ಎರಡನೆಯ ತರಗತಿಯ ಮಗುವೊಂದು ಎರಡೂ ತೋಳುಗಳನ್ನು ಚಾಚಿದರೆ ಹೆಚ್ಚುಕಡಿಮೆ ಅಷ್ಟೇ ಅಗಲವಾಗುತ್ತದೆ. ಒಂದು ಕೈಯಲ್ಲಿ ಭೂಮಿ, ಇನ್ನೊಂದರಲ್ಲಿ ಚಂದ್ರ, ನಡುವೆ ಬಿಗಿದ ದಾರ, ಆಟಿಕೆ ಇಷ್ಟೇ. ದಾರವನ್ನು ಬಚ್ಚಿಟ್ಟು ಗುಂಡುಗಳನ್ನು ಮಾತ್ರ ಕೊಟ್ಟು, ಚಂದ್ರ ಎಲ್ಲಿರಬೇಕೋ ಅಲ್ಲಿ ಇಡಿರೆಂದು ಓದಿದ ಹಿರಿಯರನ್ನು ಕೇಳಿ ನೋಡಿ. ಬಹುಪಾಲು ಮಂದಿ ಗೇಣು ದೂರದಲ್ಲಿ ಇಡುತ್ತಾರೆ, ಧಾರಾಳಿಗಳು ಮೊಳದಷ್ಟು. ದಾರವನ್ನು ಬಿಚ್ಚಿದಾಗ ಅವರ ಮುಖದಲ್ಲಿ ಮೂಡುವ ಅವಿಶ್ವಾಸವನ್ನು ನೋಡಿದ ಮೇಲೆಯೇ ಈ ಆಟಿಕೆಯಲ್ಲಿ ನನಗೆ ನಂಬಿಕೆ ಹುಟ್ಟಿದುದು.

ಇದನ್ನು ಕಡೆಯುವವರು ಚನ್ನಪಟ್ಟಣದವರೇ ಆಗಬೇಕೆಂಬುದು ನನ್ನ ಹಟ. ಅಲ್ಲಿನ ಕಸುಬಿನ ಚರಿತ್ರೆಯನ್ನು ನೀವೆಲ್ಲ ಬಲ್ಲಿರಿ. ಆಲೆ ಮರದ ಹಗುರವಾದ ತುಂಡನ್ನು ಲೇತಿನಲ್ಲಿ ತಿರುಗಿಸಿ, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುವುದನ್ನೂ, ಕೇದಗೆಯ ಓಲೆಯಿಂದ ಉಜ್ಜಿದಾಗ ಅದಕ್ಕೆ ಹೊಳಪು ಬರುವುದನ್ನೂ ದಸರೆಯ ಗೊಂಬೆ ಕೂರಿಸುವ ಮನೆಗಳವರಿಗೆ ನಾನು ಹೇಳಬೇಕಾಗಿಲ್ಲ. ಹಳದಿಗೆ ಅರಿಸಿನ ಬೇಕಾದರೆ ಅದು ನಮ್ಮ ಜಿಲ್ಲೆಯ ಹೊಲದಲ್ಲಿಯೇ ಇದೆ. ಆದರೆ ನನ್ನ ನಕ್ಷೆಯನ್ನು ನೋಡಿದ ಹಿರಿಯ ಕಸುಬುದಾರರೊಬ್ಬರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಸ್ವಾಮಿ, ಎರಡು ಗುಂಡಿಗೆ ಕಾಸು ಕೊಡ್ತಾರೆ, ಒಪ್ಪಿದೆ. ದಾರಕ್ಕೆ ಯಾರು ಕೊಡ್ತಾರೆ? ಇನ್ನು ನಾಕು ಗುಂಡು ಸೇರಿಸಿ, ಬಣ್ಣ ಬಣ್ಣವಾಗಿ ಮಾಡಿಕೊಡ್ತೀನಿ” ಎಂದರು. ದೂರವನ್ನು ಮಾರುವ ಅಂಗಡಿ ಯಾವುದೂ ಇಲ್ಲವೆಂಬುದು ಅವರ ವಾದದ ಸಾರ. ವ್ಯಾಪಾರದ ದೃಷ್ಟಿಯಿಂದ ಅದಕ್ಕೆ ಉತ್ತರ ನನ್ನಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಆದರೂ ಆ ದಾರದೊಳಗೆ ಏನೇನು ಅಡಗಿದೆಯೆಂಬುದನ್ನು ನೋಡಿ. ಇದೇ ಮಾನದಲ್ಲಿ ಸೂರ್ಯನನ್ನು ಇಡಬೇಕಾದರೆ 4 ಮೀಟರಿಗೂ ಮೀರಿದ ವ್ಯಾಸದ ಗೋಳವನ್ನು 470 ಮೀಟರು ದೂರದಲ್ಲಿ ನಿಲ್ಲಿಸಬೇಕು. ಶಾಲೆಯ ಅಂಗಳ ಸಾಲದು, ಊರ ಬೀದಿಯೇ ಬೇಕು. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುತ್ತದೆಂದು ನಾವು ಬಾಯಿಪಾಠ ಮಾಡಿಸುತ್ತೇವಲ್ಲ, ಆ ಬೆಳಕು ನನ್ನ ಆಟಿಕೆಯ ಲೋಕದಲ್ಲಿ ಸೆಕೆಂಡಿಗೆ ಒಂದು ಮೀಟರಿಗೂ ಕಡಮೆ, 94 ಸೆಂಟಿಮೀಟರು ಮಾತ್ರ ಸಾಗುತ್ತದೆ! ಅಂದರೆ ಊಟವಾದ ಮೇಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ನಡೆಯುವ ಅಜ್ಜನ ನಡಿಗೆ. ಮಗುವೊಂದು ಸೂರ್ಯನ ಸ್ಥಾನದಿಂದ ಆ ಗತಿಯಲ್ಲಿ ಹೊರಟರೆ ಭೂಮಿಯನ್ನು ಹಿಡಿದ ಗೆಳತಿಯ ಬಳಿಗೆ ಬರುವಷ್ಟರಲ್ಲಿ 8 ನಿಮಿಷ 20 ಸೆಕೆಂಡು ಕಳೆದಿರುತ್ತದೆ. ನಿಜವಾದ ಬಿಸಿಲೂ ಅಷ್ಟೇ ಕಾಲ ತೆಗೆದುಕೊಂಡು ಹಂಗಳದ ಚೆಂಡುಹೂವಿನ ಹೊಲಗಳಿಗೆ ಬರುತ್ತದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ 32 ಮೀಟರಿನ ಆಂಟೆನಾದಿಂದ ಹೊರಟ ಆಜ್ಞೆ ಚಂದ್ರನನ್ನು ಮುಟ್ಟಲು ತೆಗೆದುಕೊಳ್ಳುವ ಕಾಲ ಸುಮಾರು ಒಂದೂಕಾಲು ಸೆಕೆಂಡು. ದಾರದ ಉದ್ದಕ್ಕೆ ಅದೇ ಅಜ್ಜನ ಎರಡು ಹೆಜ್ಜೆ. ಇನ್ನು ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪವಾದ ನಕ್ಷತ್ರವನ್ನು ಇದೇ ಮಾನದಲ್ಲಿ ಇಡಬೇಕೆಂದರೆ, ಈ ಆಟಿಕೆಯ ಒಂದು ತುಣುಕನ್ನು ನಿಜವಾದ ಚಂದ್ರನ ದಾರಿಯಲ್ಲಿ ಮೂರನೆಯ ಒಂದು ಭಾಗದಷ್ಟು ದೂರಕ್ಕೆ ಒಯ್ಯಬೇಕಾಗುತ್ತದೆ. ಇದನ್ನು ಲೆಕ್ಕ ಮಾಡಿ ಕಂಡ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದರೆ ಉತ್ಪ್ರೇಕ್ಷೆಯೆಂದು ತಿಳಿಯಬೇಡಿ.

ಈಗ ಜಗಳದ ಮೂಲಕ್ಕೆ ಬರುತ್ತೇನೆ. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಇಬ್ಬರು ಮೇಷ್ಟರಿದ್ದರು. ಒಬ್ಬರು ವಿಜ್ಞಾನ ಹೇಳುವವರು, ಇನ್ನೊಬ್ಬರು ಚಿತ್ರ ಬರೆಯಿಸುವವರು. ಚಂದ್ರ ತನ್ನ ಅಕ್ಷದ ಮೇಲೆ ತಿರುಗುತ್ತಾನೆಂದು ಮೊದಲನೆಯವರೂ, ಯಾವಾಗಲೂ ಒಂದೇ ಮುಖವನ್ನು ತೋರುವವನು ತಿರುಗುವುದಾದರೂ ಹೇಗೆಂದು ಎರಡನೆಯವರೂ ವರ್ಷಗಟ್ಟಲೆ ವಾದಿಸಿದರು. ವಿಜ್ಞಾನದ ಮೇಷ್ಟರು ಕಚ್ಚೆಪಂಚೆಯ ಮನುಷ್ಯ. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಸೀಮೆಸುಣ್ಣವನ್ನು ಎರಡಾಗಿ ಮುರಿದು ಎರಡೂ ತುಂಡುಗಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಅವರು ನಮ್ಮನ್ನೆಲ್ಲ ಧ್ವಜಸ್ತಂಭದ ಬಳಿಗೆ ಕರೆದೊಯ್ದು, ಕಂಬಕ್ಕೇ ಮುಖ ಮಾಡಿಕೊಂಡು ಅದನ್ನು ಒಂದು ಸುತ್ತು ಹಾಕೆಂದು ಒಬ್ಬ ಹುಡುಗನಿಗೆ ಹೇಳಿದರು. ಹಂಗಳದಲ್ಲಿಯೇ ಇದನ್ನು ಮಾಡಿದರೆಂದು ಭಾವಿಸಿಕೊಳ್ಳಿ: ಕಂಬದ ಪೂರ್ವಕ್ಕೆ ನಿಂತಾಗ ಹುಡುಗನ ಮುಖ ಗೋಪಾಲಸ್ವಾಮಿ ಬೆಟ್ಟದ ಕಡೆಗಿರುತ್ತದೆ, ಉತ್ತರಕ್ಕೆ ಬಂದಾಗ ಬಂಡೀಪುರದ ಕಾಡಿನ ಕಡೆಗೆ, ಪಶ್ಚಿಮಕ್ಕೆ ಸರಿದಾಗ ಬೆಟ್ಟ ಬೆನ್ನಿಗೆ ಬೀಳುತ್ತದೆ, ದಕ್ಷಿಣದಲ್ಲಿ ನಿಂತಾಗ ಗುಂಡ್ಲುಪೇಟೆಯ ಕಡೆಗೆ. ಕಂಬ ಅವನ ಮುಖವನ್ನು ಮಾತ್ರ ನೋಡಿತು. ಅವನಾದರೋ ನಾಲ್ಕು ದಿಕ್ಕುಗಳನ್ನೂ ನೋಡಿಬಿಟ್ಟನು. ನಾಲ್ಕು ದಿಕ್ಕನ್ನೂ ನೋಡಿದವನು ತಿರುಗಿದನೋ ಇಲ್ಲವೋ? ನಾವೆಲ್ಲರೂ ತಿರುಗಿದನೆಂದು ಕೂಗಿದೆವು. ಚಿತ್ರದ ಮೇಷ್ಟರು ಜಗುಲಿಯ ಮೇಲಿಂದಲೇ, “ಕಂಬವನ್ನು ಕೇಳಿರಯ್ಯ, ಅದೇನು ಹೇಳುತ್ತದೆ ನೋಡೋಣ” ಎಂದರು.

ಇದು ಹಳ್ಳಿಯ ಮೇಷ್ಟರುಗಳ ಕಾಲಹರಣವೆಂದು ಭಾವಿಸತಕ್ಕದ್ದಲ್ಲ. 1856ರಲ್ಲಿ ಇಂಗ್ಲೆಂಡಿನ ಸೈಮನ್ಸ್ ಎಂಬ ಶಾಲಾ ತನಿಖಾಧಿಕಾರಿ ಚಂದ್ರ ತಿರುಗುವುದೇ ಇಲ್ಲವೆಂದು ಪತ್ರಿಕೆಗೆ ಬರೆದು ದೊಡ್ಡ ಕೋಲಾಹಲವನ್ನೆಬ್ಬಿಸಿದರು. ನಮ್ಮ ನೆರೆಯ ಮಧುರೆಯಲ್ಲಿ ಜನಿಸಿದ ಗಣಿತಜ್ಞ ಡಿ ಮಾರ್ಗನ್ನರು ವಿಪರೀತವಾದಿಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ಮಹಾಶಯರಿಗೂ ಎಡೆ ಕೊಟ್ಟರು. ವಿದ್ಯುತ್ತಿನ ಮಹಾಮಾಂತ್ರಿಕ ನಿಕೋಲಾ ಟೆಸ್ಲಾ ಕೂಡ 1919ರಲ್ಲಿ ಇದೇ ಪಕ್ಷವನ್ನು ಹಿಡಿದು ಲೇಖನಗಳನ್ನು ಬರೆದನು. ಅಂಥವನೇ ಎಡವಿದ ಕಡೆ ನಮ್ಮ ಚಿತ್ರದ ಮೇಷ್ಟರು ಎಡವಿದರೆ ಆಶ್ಚರ್ಯವೇನು?

ನನ್ನ ಆಟಿಕೆಯಲ್ಲಿ ನಾನು ತುಂಬ ಅಭಿಮಾನ ಪಡುವ ಅಂಶ ಇಲ್ಲಿದೆ. ದಾರವನ್ನು ಚಂದ್ರನಿಗೆ ಕಟ್ಟಿದ ಗಂಟು ಯಾವಾಗಲೂ ಭೂಮಿಯ ಕಡೆಗೇ ಇರುತ್ತದೆ. ಬೇರೆ ರೀತಿಯಲ್ಲಿ ಇರಲು ದಾರವು ಬಿಡುವುದಿಲ್ಲ. ಮಗು ಚಂದ್ರನನ್ನು ಒಂದು ಸುತ್ತು ಒಯ್ದರೆ ಗಂಟು ಕೂಡ ನಾಲ್ಕು ದಿಕ್ಕುಗಳಿಗೂ ಒಮ್ಮೊಮ್ಮೆ ಮುಖ ಮಾಡಿರುತ್ತದೆ. ಪ್ರದಕ್ಷಿಣೆ ಒಂದು, ಭ್ರಮಣ ಒಂದು, ಎರಡಕ್ಕೂ 27 ದಿನ 8 ಗಂಟೆಯ ಸುಮಾರು ಒಂದೇ ಕಾಲ. ದಾರವು ಆಕಾಶದಲ್ಲಿ ಇಲ್ಲದ ವಸ್ತು, ಸರಿ. ಆದರೆ ಭೂಮಿಯ ಆಕರ್ಷಣೆಯು ಚಂದ್ರನ ಒಡಲನ್ನು ಕಿಂಚಿತ್ತು ಉಬ್ಬಿಸಿ, ಆ ಉಬ್ಬನ್ನೇ ಯುಗಯುಗಗಳ ಕಾಲ ಹಿಡಿದೆಳೆದು, ಹಿಂದೆ ವೇಗವಾಗಿದ್ದ ಅವನ ಭ್ರಮಣವನ್ನು ಈ ಗತಿಗೆ ತಂದು ನಿಲ್ಲಿಸಿತಷ್ಟೆ? ಇಲ್ಲದ ದಾರ ಇರುವ ಎಳೆತವನ್ನು ತೋರಿಸುತ್ತದೆ. ಗಂಟಿನ ಕಡೆ ಮೊಲವನ್ನು ಬರೆದರೆ, ನಮ್ಮ ಅಜ್ಜಿಯರು ಅವರ ಅಜ್ಜಿಯರಿಂದ ಕೇಳಿದ ಮೊಲವೇ ಇಂದಿಗೂ ಅದೇ ಜಾಗದಲ್ಲಿ ಕುಳಿತಿರುವುದಕ್ಕೆ ಕಾರಣ ತಿಳಿಯುತ್ತದೆ. ಹಿಂಬದಿಯನ್ನು ಬರಿದಾಗಿ ಬಿಟ್ಟರೆ, 1959ರ ಅಕ್ಟೋಬರಿನಲ್ಲಿ ಲೂನಾ-3 ಚಿತ್ರ ತೆಗೆಯುವವರೆಗೂ ಯಾವ ಮನುಷ್ಯನೂ ಅದನ್ನು ಕಂಡಿರಲಿಲ್ಲವೆಂಬ ಕಥೆಯನ್ನು ಹೇಳಬಹುದು.

ಗ್ರಹಣದ ಮಾತೂ ಇದೇ ದಾರದಲ್ಲಿದೆ. ಚಂದ್ರನ ಪಥವು ಭೂಮಿಯ ಪಥಕ್ಕೆ ಸುಮಾರು 5 ಡಿಗ್ರಿ ಓರೆ. ಆಟಿಕೆಯಲ್ಲಿ ಚಂದ್ರನನ್ನು 10 ಸೆಂಟಿಮೀಟರಿಗೂ ಹೆಚ್ಚು ಏರಿಸಿ ಇಳಿಸಬೇಕು. ಅಷ್ಟು ದೂರದಲ್ಲಿ ಭೂಮಿಯ ಗಾಢವಾದ ನೆರಳಿನ ಅಗಲವಾದರೋ 3 ಸೆಂಟಿಮೀಟರು. ಹುಣ್ಣಿಮೆಗೊಂದು ಗ್ರಹಣ ಏಕಿಲ್ಲವೆಂದು ಕೇಳುವ ಮಗುವಿಗೆ ಬೇರೆ ಉತ್ತರ ಬೇಕಿಲ್ಲ. ಏರುವ, ಇಳಿಯುವ ಆ ಎರಡು ಸಂಧಿಸ್ಥಾನಗಳಿಗೇ ನಮ್ಮ ಜ್ಯೋತಿಷಿಗಳು ರಾಹು, ಕೇತು ಎಂದು ಹೆಸರಿಟ್ಟರು. ಗ್ರಹಣವು ನೆರಳಿನ ವ್ಯಾಪಾರವೆಂದು ಆರ್ಯಭಟನು 499ರಷ್ಟು ಹಿಂದೆಯೇ ಹೇಳಿದ್ದನು. ಚಂದ್ರನ ದೂರ ಒಂದೇ ಸಮನಲ್ಲ. ದಾರವು ತಿಂಗಳಿಗೊಮ್ಮೆ ಸುಮಾರು 13 ಸೆಂಟಿಮೀಟರು ಹಿಗ್ಗಿ ಕುಗ್ಗಬೇಕು. 2019ರ ಡಿಸೆಂಬರ್ 26ರ ಬೆಳಗ್ಗೆ ಕೊಡಗು, ವಯನಾಡು, ನೀಲಗಿರಿಗಳ ಮೇಲೆ ಕಂಕಣ ಗ್ರಹಣ ಹಾದುಹೋದಾಗ ಸೂರ್ಯನ ಸುತ್ತ ಬೆಂಕಿಯ ಬಳೆಯೊಂದು ಉಳಿದುದು ಚಂದ್ರ ದೂರ ಸರಿದು ಚಿಕ್ಕವನಾಗಿ ಕಂಡುದರಿಂದ. ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ಆ ಹೊತ್ತು ಬಾಗಿಲು ಹಾಕಿಕೊಂಡಿದ್ದರೆಂಬುದನ್ನು ನೀವೇ ನೆನೆಸಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ಆಟಿಕೆ ಸಿದ್ಧವಾಗಿಲ್ಲ. ಮೊದಲನೆಯ ತೊಡಕು ತಾಯಂದಿರು ತಕ್ಷಣ ಹಿಡಿದದ್ದು: 1.1 ಸೆಂಟಿಮೀಟರಿನ ಚಂದ್ರನನ್ನು ಮನೆಯಲ್ಲಿರುವ ಎರಡು ವರ್ಷದ ಕೂಸು ಬಾಯಿಗೆ ಹಾಕಿಕೊಳ್ಳದೆ ಬಿಡುವುದಿಲ್ಲ. ಪುರಾಣದ ರಾಹುವಿಗೆ ಕಂಠದ ಕೆಳಗೆ ದೇಹವಿರಲಿಲ್ಲವಾದುದರಿಂದ ನುಂಗಿದ ಚಂದ್ರ ಹೊರಗೆ ಬಂದನು, ಈ ರಾಹುವಿಗೆ ಹೊಟ್ಟೆಯೂ ಇದೆ, ಸಿಕ್ಕಿಕೊಳ್ಳುವ ಗಂಟಲೂ ಇದೆ. ನುಂಗಲಾಗದಂತೆ ಚಂದ್ರನನ್ನು ನಾಲ್ಕೂವರೆ ಸೆಂಟಿಮೀಟರು ಮಾಡಿದರೆ ಭೂಮಿ ಹದಿನಾರೂವರೆ ಸೆಂಟಿಮೀಟರು ಆಗುತ್ತದೆ, ದಾರ 5 ಮೀಟರು. ಅಲ್ಲಿಗೆ ಮಗುವಿನ ಎರಡು ತೋಳುಗಳ ನಡುವೆ ನಿಲ್ಲುತ್ತಿದ್ದ ವಸ್ತು ಊರ ಮಕ್ಕಳೆಲ್ಲ ಸೇರಿ ಆಡಬೇಕಾದ ವಸ್ತುವಾಗುತ್ತದೆ. ಅದು ಕೇಡೋ ಲಾಭವೋ ನನಗೆ ತೀರ್ಮಾನವಾಗಿಲ್ಲ. ಮೊಲದ ವಿಷಯದಲ್ಲಿಯೂ ಹಾಗೆಯೇ: ಕಡೆಯುವವರೇ ಅದನ್ನು ಬರೆದು ಕೊಡಬೇಕೆ, ಅಥವಾ ಮಗು ಹುಣ್ಣಿಮೆಯ ದಿನ ಹೊರಗೆ ಬಂದು, ರಾತ್ರಿ 9ರ ಮೇಲೆ ಬಂಡೀಪುರದ ರಸ್ತೆ ಮುಚ್ಚಿ ವಾಹನಗಳ ದೀಪ ಅಡಗಿದ ಮೇಲೆ, ತಾನು ಕಂಡುದನ್ನು ತಾನೇ ಬರೆಯಲೆಂದು ಬರಿದಾಗಿ ಬಿಡಬೇಕೆ?

ಇದಕ್ಕಿಂತ ಕಠಿಣವಾದ ಪ್ರಶ್ನೆ ಚಿತ್ರದ ಮೇಷ್ಟರದು. ಅವರ ಪಕ್ಷ ಸೋತಿತೆಂದು ನಾನು ಇಷ್ಟು ಹೊತ್ತು ನಿರೂಪಿಸಿದೆನಷ್ಟೆ. ಆದರೆ ಭೂಮಿಯನ್ನು ಕೈಯಲ್ಲಿ ಹಿಡಿದು ನಡುವೆ ನಿಂತ ಮಗುವಿಗೆ ಕಾಣುವುದು ಗಂಟು ಮಾತ್ರ, ಅದು ಕದಲುವುದೇ ಇಲ್ಲ. ಚಂದ್ರ ತಿರುಗುತ್ತಾನೆಂಬುದು ಆಟದಿಂದ ಹೊರಗೆ ನಿಂತು ನೋಡುವವನಿಗೆ ಸುಲಭವಾಗಿ ತಿಳಿಯುವ ಮಾತು. ಹಾಗಾದರೆ ನಡುವಿನ ಮಗು ತಾನು ಕಂಡುದನ್ನೇ ಹೇಳಿದಾಗ ಅದನ್ನು ತಪ್ಪೆಂದು ತಿದ್ದಬೇಕೆ? ಯಾವ ವಯಸ್ಸಿನಲ್ಲಿ ತಿದ್ದಬೇಕು? ಆ ಮಗು ದಾರವನ್ನು ಬಿಟ್ಟು ಹೊರಗೆ ಬಂದು ಗೆಳೆಯರ ಆಟವನ್ನು ನೋಡುವವರೆಗೂ ಕಾಯುವ ತಾಳ್ಮೆ ನಮ್ಮ ಶಾಲೆಗಳಿಗೆ ಇದೆಯೇ? ತಾನಾಗಿಯೇ ಹೊರಗೆ ಬಾರದಿದ್ದರೆ, ಕೈ ಹಿಡಿದು ಕರೆತರುವ ಅಧಿಕಾರ ಆಟಿಕೆಯನ್ನು ಮಾಡಿದವನಿಗೆ ಉಂಟೆ? ಸಭೆಯಲ್ಲಿ ಉಪಾಧ್ಯಾಯರು ಅನೇಕರು ಇದ್ದೀರಿ. ಗುಂಡುಗಳೂ ದಾರವೂ ಈ ಮೇಜಿನ ಮೇಲಿರುತ್ತವೆ. ಎತ್ತಿಕೊಂಡು ನೋಡಿ, ಆಮೇಲೆ ನೀವು ಯಾವ ಮೇಷ್ಟರ ಕಡೆಯೆಂಬುದನ್ನು ನನಗೆ ಹೇಳಿ.