ಕೊಳಗದ ಜಗಳದಿಂದ ಶಾಸನಸಭೆಗೆ



ಬೆಂಗಳೂರಿನ ವಿಧಾನಸೌಧದ ಮಗ್ಗುಲಲ್ಲಿ, ಜನರಲ್ ಪೋಸ್ಟಾಫೀಸಿನ ಹತ್ತಿರ ಒಂದು ವೃತ್ತವಿದೆ. ಹೆಸರು ಗೋಪಾಲಗೌಡ ವೃತ್ತ. ದಿನವೂ ಸಾವಿರಾರು ವಾಹನಗಳು ಅಲ್ಲಿ ಕೆಂಪು ದೀಪಕ್ಕೆ ನಿಂತು ಹೋಗುತ್ತವೆ. ಆ ಗೋಪಾಲಗೌಡರು ಯಾರು ಎಂದು ಕೇಳಿದರೆ ಹಿರಿಯರು ಹೇಳಿಯಾರು. ಉಳಿದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಅವರು ಮುಖ್ಯಮಂತ್ರಿಯಾಗಿದ್ದವರಲ್ಲ, ಮಂತ್ರಿಯೂ ಆಗಲಿಲ್ಲ. ಮೂರು ಸಲ ಶಾಸಕರಾಗಿದ್ದರು, ಅಷ್ಟೆ. ಮೂರು ಸಲವೂ ವಿರೋಧ ಪಕ್ಷದಲ್ಲಿ. ಅಂಥವರ ಹೆಸರು ವಿಧಾನಸೌಧದ ಪಕ್ಕಕ್ಕೆ ಬಂದದ್ದು ಹೇಗೆ?

ಅದಕ್ಕೆ ಉತ್ತರ ಹುಡುಕಲು ಸಾಗರ ತಾಲ್ಲೂಕಿನ ಕಾಗೋಡಿಗೆ ಹೋಗಬೇಕು. ಅಲ್ಲಿ ಜಗಳ ಆರಂಭವಾದದ್ದು ಒಂದು ಕೊಳಗದಿಂದ. ಕೊಳಗ ಎಂದರೆ ಭತ್ತ ಅಳೆಯುವ ಮಾಪು. ಆ ಕಾಲದ ಮಲೆನಾಡಿನಲ್ಲಿ ಗದ್ದೆ ಒಡೆಯರದು, ದುಡಿಮೆ ಗೇಣಿದಾರರದು. ಗೇಣಿಯನ್ನು ಭತ್ತದ ರೂಪದಲ್ಲಿ ಅಳೆದು ಕೊಡಬೇಕಿತ್ತು. ಅಳೆಯುವುದು ಒಡೆಯರ ಕೊಳಗದಲ್ಲಿ. ಅದು ಸರ್ಕಾರದ ಮಾಪಿಗಿಂತ ದೊಡ್ಡದು ಎಂಬುದೇ ರೈತರ ದೂರು. ಕೊಟ್ಟ ಗೇಣಿಗೆ ರಸೀದಿ ಇಲ್ಲ. ಗೇಣಿಯ ಒಪ್ಪಂದಕ್ಕೂ ಕಾಗದಪತ್ರವಿಲ್ಲ, ಬಾಯಿ ಮಾತೇ ಎಲ್ಲ. ಒಡೆಯರ ಮನೆಗೆ ಬಿಟ್ಟಿ ಕೆಲಸ ಬೇರೆ. ಒಡೆಯರಿಗೆ ಬೇಸರವಾದರೆ ಮುಂದಿನ ಮಳೆಗಾಲದಲ್ಲಿ ಗದ್ದೆ ಇನ್ನೊಬ್ಬರ ಪಾಲು.

ಸರ್ಕಾರಿ ಮಾಪಿನಲ್ಲೇ ಅಳೆಯಿರಿ, ರಸೀದಿ ಕೊಡಿ, ಬಿಟ್ಟಿ ನಿಲ್ಲಿಸಿ: ರೈತರು ಕೇಳಿದ್ದು ಇಷ್ಟೇ. ಅವರಲ್ಲಿ ಬಹುಪಾಲು ದೀವರು. ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಬೇಡಿಕೆ ಒಪ್ಪುವುದರ ಬದಲು ಅವರನ್ನು ಗದ್ದೆಯಿಂದಲೇ ಹೊರಹಾಕುವ ಯತ್ನ ನಡೆಯಿತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮಾರನೆಯ ದಿನ ಮತ್ತೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷ ಈ ಹೋರಾಟವನ್ನು ಕೈಗೆತ್ತಿಕೊಂಡಿತು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದಾಗ ಕಾಗೋಡಿನ ಹೆಸರು ದೇಶದ ಪತ್ರಿಕೆಗಳನ್ನು ಮುಟ್ಟಿತು.

ಪಕ್ಷದ ಕಡೆಯಿಂದ ಹೋರಾಟದ ಮುಂಚೂಣಿಯಲ್ಲಿದ್ದ ತರುಣರೇ ಶಾಂತವೇರಿ ಗೋಪಾಲಗೌಡ. ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಬಡತನದ ಮನೆ. 1942ರ ಚಳವಳಿಯಲ್ಲಿ ಹುಡುಗನಾಗಿದ್ದಾಗಲೇ ಸೆರೆಮನೆ ಕಂಡವರು.

1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ಆಗ ಇಪ್ಪತ್ತೊಂಬತ್ತರ ಹತ್ತಿರದ ವಯಸ್ಸು. ಕೈಯಲ್ಲಿ ಹಣವಿಲ್ಲ. ಅವರು ಒಕ್ಕಲಿಗರು, ಅವರ ಬೆನ್ನಿಗಿದ್ದ ಗೇಣಿದಾರರಲ್ಲಿ ಬಹುಪಾಲು ದೀವರು. ಇಂದಿನ ಜಾತಿ ಲೆಕ್ಕಾಚಾರದಲ್ಲಿ ಯಾವ ಪಕ್ಷವೂ ಹಾಕಲು ಹೆದರುವ ಅಭ್ಯರ್ಥಿ. ಆದರೂ ಗೆದ್ದರು. ‘ಒಂದು ಓಟು, ಒಂದು ನೋಟು’ ಎಂದು ಮತದಾರರಿಂದಲೇ ಒಂದೊಂದು ರೂಪಾಯಿ ಪಡೆದು ಚುನಾವಣೆ ನಡೆಸಿದ ಪದ್ಧತಿಯನ್ನು ಮಲೆನಾಡು ಅವರ ಹೆಸರಿನೊಂದಿಗೇ ನೆನೆಯುತ್ತದೆ.

ಆಗಿನ ಮೈಸೂರು ವಿಧಾನಸಭೆಯಲ್ಲಿ 99 ಸ್ಥಾನ. ಕಾಂಗ್ರೆಸ್ಸಿಗೆ 74, ಸಮಾಜವಾದಿಗಳಿಗೆ ಮೂರು. ಮೂರು ಜನ ಏನು ಮಾಡಲಾದೀತು? ಮಸೂದೆ ಬೀಳಿಸಲು ಆಗದು, ಮಂಡಿಸಿ ಗೆಲ್ಲಿಸಲೂ ಆಗದು. ಗೋಪಾಲಗೌಡರು ಮಾಡಿದ್ದು ಒಂದೇ: ಕೇಳುತ್ತಾ ಹೋದದ್ದು. ಗೇಣಿದಾರನ ಮಾತು, ಭೂಮಿಯ ಮಾತು, ಆಡಳಿತದಲ್ಲಿ ಕನ್ನಡದ ಮಾತು. ಏಕೀಕರಣಕ್ಕೆ ಹಳೆಯ ಮೈಸೂರಿನ ಅನೇಕ ಮುಖಂಡರು ಹಿಂದೇಟು ಹಾಕುತ್ತಿದ್ದಾಗ ಅವರು ಪರವಾಗಿ ನಿಂತರು. 1956ರಲ್ಲಿ ರಾಜ್ಯ ಒಂದಾದ ಮೇಲೆ ಅದಕ್ಕೆ ಕರ್ನಾಟಕವೆಂದೇ ಹೆಸರಿಡಬೇಕೆಂದು ಒತ್ತಾಯಿಸಿದರು.

ಹಾದಿ ಸಲೀಸಾಗಿರಲಿಲ್ಲ. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಸಮಾಜವಾದಿಗಳು ಒಡೆದು ಹೋಳಾದಾಗ ಲೋಹಿಯಾ ಜೊತೆ ಉಳಿದರು. ಆರೋಗ್ಯ ಕೆಟ್ಟಿತು. 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ನಲವತ್ತೊಂಬತ್ತು ವರ್ಷ.

ಹಾಗಾದರೆ ಅವರು ಗಳಿಸಿದ್ದೇನು? ಇಲ್ಲಿ ಸ್ವಲ್ಪ ನಿಂತು ನೋಡಬೇಕು. 1961ರಲ್ಲಿ ಮೈಸೂರು ಭೂಸುಧಾರಣಾ ಕಾಯ್ದೆ ಬಂತು. ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲಿ ಒಂದು ಕಿಂಡಿಯಿತ್ತು. ಸ್ವಂತ ಸಾಗುವಳಿಗೆ ಬೇಕೆಂದು ಒಡೆಯ ಭೂಮಿಯನ್ನು ಹಿಂದಕ್ಕೆ ಕೇಳಬಹುದಿತ್ತು. ಆ ಕಿಂಡಿ ಮುಚ್ಚಿದ್ದು ದೇವರಾಜ ಅರಸು ಅವರ ಸರ್ಕಾರದ ತಿದ್ದುಪಡಿ. ಅದರಂತೆ 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ ಏಳು ತುಂಬಿ ಅರ್ಜಿ ಕೊಡಬೇಕು. ಮಲೆನಾಡಿನವರು ಇದನ್ನು ‘ಡಿಕ್ಲರೇಷನ್ ಹಾಕುವುದು’ ಎನ್ನುತ್ತಿದ್ದರು. ತೀರ್ಮಾನ ಭೂ ನ್ಯಾಯಮಂಡಳಿಯದು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ನಾಲ್ವರು ಅಧಿಕಾರೇತರ ಸದಸ್ಯರು. ಮೊದಲಿಗೆ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ರಸೀದಿಯಿಲ್ಲದ ರೈತನಿಗೆ ಅಕ್ಕಪಕ್ಕದವರ ಸಾಕ್ಷಿಯೇ ಬಲ. ಕಾಗೋಡಿನಲ್ಲಿ ರಸೀದಿ ಕೇಳಿದ್ದು ಎಂಥ ದೊಡ್ಡ ಮಾತಾಗಿತ್ತು ಎಂಬುದು ಆಗ ತಿಳಿಯಿತು.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಎರಡನ್ನೂ ನೋಡಲು ಗೋಪಾಲಗೌಡರು ಇರಲಿಲ್ಲ. ಆದರೆ ಅರಸು 1952ರಿಂದಲೂ ಅದೇ ಸಭೆಯಲ್ಲಿ ಕುಳಿತು ಅವರ ಮಾತು ಕೇಳಿದ್ದವರು. ಕಾನೂನಿಗೆ ರುಜು ಹಾಕಿದ ಕೈ ಬೇರೆಯವರದು. ಆ ಮಾತಿಗೆ ಸಭೆಯ ಕಿವಿಯನ್ನು ಒಗ್ಗಿಸಿದವರಲ್ಲಿ ಗೋಪಾಲಗೌಡರು ಮುಖ್ಯರು. ಶಿವಮೊಗ್ಗದ ಅದೇ ಸಮಾಜವಾದಿ ಗರಡಿಯಿಂದ ಬಂದ ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡರ ಹಿಂದೆಯೂ ಇವರ ನೆರಳಿದೆ.

2020ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಅದು ಸರಿಯೆನ್ನುವವರಿದ್ದಾರೆ, ತಪ್ಪೆನ್ನುವವರೂ ಇದ್ದಾರೆ. ಆ ಚರ್ಚೆಗೆ ಕೂರುವ ಮುನ್ನ ಕೊಳಗದ ಕಥೆ ತಿಳಿದಿರುವುದು ಒಳ್ಳೆಯದು. ಭೂಮಿ ಯಾರದು ಎಂಬ ಪ್ರಶ್ನೆಯ ಜೊತೆಗೇ, ಅಳೆಯುವ ಮಾಪು ಯಾರ ಕೈಯಲ್ಲಿದೆ ಎಂದೂ ಕೇಳಿದ ಜನ ಅವರು. ಮುಂದಿನ ಸಲ ಆ ವೃತ್ತದಲ್ಲಿ ದೀಪ ಕೆಂಪಾದಾಗ ಇಷ್ಟು ನೆನಪಾದರೆ ಸಾಕು.