ಸ್ವಂತ ಕಸುಬೋ, ಸಂಬಳದ ಕೆಲಸವೋ?



ತೋಟದ ಕೆಲಸ ಬಿಟ್ಟು, ಸಂಘದ ಸಾಲದಲ್ಲಿ ಮನೆಯಲ್ಲೇ ಚಾಕಲೇಟ್, ಉಪ್ಪಿನಕಾಯಿ ಮಾಡಿದರೆ ಮಕ್ಕಳ ಜೊತೆ ಇರಬಹುದಲ್ವಾ ಸಿಸ್ಟರ್ ಅಂತ ಕೇಳ್ತೀರಿ. ಇರಬಹುದು. ಆದರೆ ಮಡಿಕೇರಿಗೆ ಪ್ರವಾಸಿಗರು ಹೆಚ್ಚಾಗಿ ಬರುವುದು ಶನಿವಾರ, ಭಾನುವಾರ, ದಸರಾ ರಜೆಯಲ್ಲಿ. ಮಕ್ಕಳು ಮನೆಯಲ್ಲಿರುವುದೂ ಆವಾಗಲೇ! 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪ್ರವಾಸಿಗರು ಬರುವುದೇ ನಿಂತಿತ್ತು. ಸಾಲದ ಕಂತು ಹಾಗೆ ನಿಲ್ಲುತ್ತದೆಯೇ?

ತೋಟದಲ್ಲಿ ಕಾಯಂ ಇರುವವರಿಗೆ ಪಿ.ಎಫ್. ಇದೆ, ಮೊದಲ ಎರಡು ಹೆರಿಗೆಗೆ 26 ವಾರದವರೆಗೆ ಸಂಬಳದ ರಜೆ ಇದೆ. ಬಿಡುವ ಮೊದಲು ಇದನ್ನೂ ಎಣಿಸಿ. ದಿನಗೂಲಿಯವರ ಕೈಗೆ ಇವು ಸಿಗುವುದು ಅಪರೂಪ, ಅವರ ಲೆಕ್ಕವೇ ಬೇರೆ.

ಕಾಫಿ ಕೊಯ್ಲು ಮುಗಿಯುವ ತನಕ ಯಾರೂ ಕೆಲಸ ಬಿಡಬೇಡಿ. ರಜೆಯಲ್ಲಿ ಸ್ವಲ್ಪ ಮಾಡಿ ನೋಡಿ. ಪುಸ್ತಕದಲ್ಲಿ ಹಣದ ಪಕ್ಕ ಗಂಟೆಯನ್ನೂ ಬರೆಯಿರಿ. ಗಂಡಂದಿರು ಅಡಿಗೆಮನೆಯಲ್ಲಿ ಕಳೆದ ಗಂಟೆಯನ್ನೂ ಬರೆಯಿರಿ, ನಗಬೇಡಿ.